ಮೊದಲು ಸ್ನಾನ

ಈ ಪರದೇಶದಲ್ಲಿ ನಮ್ಮ ಕೌಂಟಿಯ, ಎಂದರೆ ಜಿಲ್ಲೆಯ, ಶವಾಗಾರವನ್ನು ನೋಡಿಕೊಳ್ಳುವವನು ನಾನು. ಅಪಘಾತ, ಕೊಲೆ, ಮನೆಯಲ್ಲಿ ಹಠಾತ್ತನೆ ಬಂದ ಸಾವು, ಎಲ್ಲವೂ ಮೊದಲು ನಮ್ಮಲ್ಲಿಗೇ ಬರುತ್ತವೆ. ಕಾರಣ ಗೊತ್ತಾಗುವ ತನಕ ಹೆಣ ನಮ್ಮ ವಶ. ಸಮರ್‌ಸೆಟ್‌ನಲ್ಲಿ ಮನೆಮನೆಯಿಂದ ಅಡುಗೆ ತಂದು ಒಟ್ಟಿಗೆ ಉಣ್ಣುವ ಕನ್ನಡದವರ ಪಾಟ್‌ಲಕ್‌ಗೆ ಹೋಗಿ, ಐಟಿಯವರ ನಡುವೆ ಕೂತು ಇದನ್ನು ಹೇಳಿದರೆ ಪಕ್ಕದ ಕುರ್ಚಿ ಖಾಲಿಯಾಗುತ್ತಿತ್ತು. ಬರಬರುತ್ತಾ ಹೋಗುವುದನ್ನೇ ಬಿಟ್ಟೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಕೆಂಡಲ್ ಪಾರ್ಕ್ ಎಂಬ ಊರಿನ ನಮ್ಮ ಮನೆಯಲ್ಲಿ ಗ್ಯಾರೇಜಿನ ಬಾಗಿಲು ಸದ್ದು ಮಾಡಿದರೆ ಸಾಕು, ಹೆಂಡತಿಯ ದನಿ ಬರುತ್ತಿತ್ತು.

"ರೀ, ಅಲ್ಲೇ ನಿಂತ್ಕೊಳ್ಳಿ. ಫಸ್ಟ್ ಸ್ನಾನ. ಏನೂ ಮುಟ್ಬೇಡಿ, ನನ್ನನ್ನಂತೂ ಮುಟ್ಲೇಬೇಡಿ."

ಬೇಸ್‌ಮೆಂಟಿನ ಬಚ್ಚಲಲ್ಲಿ ಟವೆಲ್ಲು, ಒಗೆದ ಪಂಚೆ ಇಟ್ಟಿರುತ್ತಿದ್ದಳು. ಇಡೀ ದಿನ ಮೇಜಿನ ಮುಂದೆ ಕೂತು, ಕೆಟ್ಟುಹೋದ ಫ್ರೀಜರಿನ ರಿಪೇರಿಗೆ ಯಾರ್ಯಾರಿಗೋ ಫೋನ್ ಮಾಡಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ ಎಂದು ನಾನು ವಾದಿಸಿದರೆ, ಜಪ್ಪಯ್ಯ ಎಂದರೂ ಅವಳು ಜಗ್ಗುತ್ತಿರಲಿಲ್ಲ. ಜನವರಿಯ ಚಳಿಯಲ್ಲಿ ಗೊಣಗುತ್ತಲೇ ಮೈಗೆ ನೀರು ಹುಯ್ದುಕೊಳ್ಳುತ್ತಿದ್ದೆ. ಮೇಲೆ ಬಂದರೆ ಬಿಸಿ ಕಾಫಿ. ಲೋಟ ಕೊಡುವಾಗ ಬೇಕೆಂದೇ ನನ್ನ ಬೆರಳು ಮುಟ್ಟುತ್ತಿದ್ದಳು.

ಹೋದ ಮಾರ್ಚಿನಲ್ಲಿ ನಾನು ಕೆಲಸದಲ್ಲಿದ್ದಾಗ ಅವಳು ಅಡುಗೆಮನೆಯಲ್ಲಿ ಕುಸಿದುಬಿದ್ದಳು. ಪಕ್ಕದ ಮನೆಯಾಕೆ ನೋಡುವ ಹೊತ್ತಿಗೆ ಜೀವ ಹೋಗಿತ್ತು. ಯಾವ ಕಾಯಿಲೆಯೂ ಇಲ್ಲದ ಹೆಂಗಸು. ಕಾನೂನಿನ ಪ್ರಕಾರ ಅವಳೂ ನಮ್ಮಲ್ಲಿಗೇ ಬರಬೇಕಾಯಿತು. ರೂಟ್ ಒಂದು ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಾನು ಮನೆ ಸೇರುವಷ್ಟರಲ್ಲಿ ನಮ್ಮ ವ್ಯಾನ್ ಅವಳನ್ನು ಹೊತ್ತು ಹೊರಟುಹೋಗಿತ್ತು. ಅದರ ಹಿಂದೆಯೇ ಶವಾಗಾರಕ್ಕೆ ತಿರುಗಿ ಬಂದೆ.

ಸತ್ತವರ ಮನೆಯವರಿಗೆಂದು ನಾನೇ ಹಾಕಿಸಿದ್ದ ಕುರ್ಚಿಯಲ್ಲಿ ಮೊದಲ ಸಲ ಕೂತೆ. ಬೆನ್ನು ನೋಯಿಸುವ ದರಿದ್ರ ಕುರ್ಚಿ. ಅಲ್ಲಿ ಕೂತವರಿಗೆ ನಾವು ಫೋಟೊ ಮಾತ್ರ ತೋರಿಸುತ್ತೇವೆ. ಒಂದು ಸಲ ಮುಟ್ಟುತ್ತೇವೆ ಎಂದು ಎಷ್ಟೋ ಜನ ಅತ್ತಿದ್ದಾರೆ; ಅದೆಲ್ಲ ಅಂತ್ಯಕ್ರಿಯೆ ನಡೆಸುವ ಫ್ಯೂನರಲ್ ಹೋಮಿನಲ್ಲಿ ಎಂದು ನಾನೇ ಸಮಾಧಾನ ಹೇಳಿ ಕಳಿಸಿದ್ದೇನೆ. ಡಾಕ್ಟರು ಪರೀಕ್ಷೆ ಮುಗಿಸಿ, ಹೃದಯಾಘಾತ ಎಂದರು. ಆಮೇಲೆ ನನ್ನ ಸಹಾಯಕ ಬಂದು, ನಿಮಗೆ ಫೋಟೊ ಯಾಕೆ, ಒಳಗೇ ಬನ್ನಿ ಎಂದು ಕರೆದ.

ಬಾಗಿಲ ತನಕ ಹೋದೆ. ಅವಳ ಕೈ ಹಿಡಿದುಕೊಳ್ಳಬೇಕು, ಅಷ್ಟೇ ಬೇಕಿತ್ತು ನನಗೆ. ಆದರೂ ಕಾಲು ನಿಂತಿತು. ಸ್ವಲ್ಪ ತಾಳು ಎಂದು ಅವನಿಗೆ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ.

ಕೆಲಸದವರ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಬಿಟ್ಟುಕೊಂಡೆ. ಟವೆಲ್ ಇಟ್ಟವರು ಯಾರೂ ಇರಲಿಲ್ಲ. ಒದ್ದೆ ಮೈಮೇಲೆಯೇ ಅಂಗಿ ಹಾಕಿಕೊಂಡು ಒಳಗೆ ಹೋಗಿ ಅವಳ ಬೆರಳು ಮುಟ್ಟಿದೆ.