ಹತ್ತಿ ಸಾಹೇಬರು ಬಿಚ್ಚದ ಖಣ

ಮೊನ್ನೆ ಗಾದಿ ತುಂಬುವವನು ನಮ್ಮ ಅಂಗಳದಲ್ಲಿ ಕೂತು ಹಳೆಯ ಹತ್ತಿ ಹಿಂಜುತ್ತಿದ್ದ. ಅರಳೆ ಮನೆಯೊಳಗೆಲ್ಲ ಹಾರಿ ಬರುತ್ತಿತ್ತು. ಬೈಯಬೇಕೆಂದೇ ಹೊರಗೆ ಬಂದವಳು ಬೈಯುವುದನ್ನು ಮರೆತು ಒಂದು ಹಿಡಿ ಅರಳೆ ಎತ್ತಿಕೊಂಡೆ. ಅದೇ ಧೂಳು ವಾಸನೆ, ಹತ್ತಿಕಾಳಿನ ಎಣ್ಣೆಯ ವಾಸನೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು, ಅಂಗಳದಲ್ಲಿ ಬಟ್ಟೆ ಒಣಹಾಕುವ ಹುರಿತಂತಿಯನ್ನು ಆ ಅರಳೆಯಿಂದ ಹಿಡಿದು, ಈ ತುದಿಯಿಂದ ಸವರುತ್ತಾ ನಡೆದೆ. ನಡುವೆ ಒಂದು ಕಡೆ ಚೂರು ಹತ್ತಿ ಸಿಕ್ಕಿಕೊಂಡು ನಿಂತಿತು. ಅಲ್ಲೊಂದು ಎಳೆ ತುಂಡಾಗಿತ್ತು.

ಈ ವಿದ್ಯೆ ನನ್ನದಲ್ಲ. ನಮ್ಮ ಸಾಹೇಬರದು...

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ರಾಯಚೂರಿನ ಒಂದು ಸಣ್ಣ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಸಾಹೇಬರ ಕೆಲಸ ಕ್ರೇನುಗಳನ್ನು ಪರೀಕ್ಷೆ ಮಾಡುವುದು. ಕಾಲುವೆ, ಸೇತುವೆ, ಗಿರಣಿ ಎಲ್ಲೇ ಇರಲಿ, ಭಾರ ಎತ್ತುವ ಯಂತ್ರವನ್ನು ಅವರು ನೋಡಿ ಪ್ರಮಾಣಪತ್ರ ಕೊಟ್ಟ ಮೇಲೆಯೇ ಅದು ಕೆಲಸಕ್ಕೆ ಇಳಿಯಬೇಕು. ಅವರು ಹೇಳುವುದು, ನಾನು ಟೈಪು ಮಾಡುವುದು, ಅವರು ಸಹಿ ಹಾಕುವುದು. ಇಷ್ಟೇ ನಮ್ಮ ಸಂಬಂಧ.

ಕ್ರೇನಿನ ಉಕ್ಕಿನ ಹಗ್ಗದಲ್ಲಿ ನೂರಾರು ಸಣ್ಣ ಎಳೆ. ಒಂದೆರಡು ತುಂಡಾದರೆ ಗ್ರೀಸಿನ ಮಬ್ಬಿನಲ್ಲಿ ಕಣ್ಣಿಗೆ ಕಾಣದು, ಬರಿಗೈಯಲ್ಲಿ ಸವರಿದರೆ ಅಂಗೈ ಸೀಳುತ್ತದೆ. ಬೇರೆಯವರು ಹಳೆಯ ಚಿಂದಿ ಹಿಡಿದು ಸವರುತ್ತಿದ್ದರಂತೆ, ಇವರು ಅರಳೆ. ರಾಯಚೂರಿನಲ್ಲಿ ಹತ್ತಿಗೇನು ಬರ? ಹತ್ತಿ ಮಾರುವ ಗಂಜಿನ ದಾರಿಯಲ್ಲಿ ಬಂಡಿಯಿಂದ ಉದುರಿದ್ದನ್ನೇ ಆರಿಸಿ ಒಂದು ತಗಡಿನ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಹಗ್ಗದುದ್ದಕ್ಕೂ ಅರಳೆ ಸವರುವುದು, ಎಲ್ಲಿ ಚೂರು ಸಿಕ್ಕಿಕೊಂಡಿತೋ ಅಲ್ಲಿ ಸುಣ್ಣದ ಗುರುತು. "ಹತ್ತಿ ಸುಳ್ಳು ಹೇಳೂದಿಲ್ಲ" ಅನ್ನುತ್ತಿದ್ದರು. ಕೂಲಿಯವರ ಬಾಯಲ್ಲಿ ಅವರು ಹತ್ತಿ ಸಾಹೇಬರೇ ಆಗಿಬಿಟ್ಟಿದ್ದರು.

ಕಂತ್ರಾಟುದಾರರು ಕೋಳಿ ಊಟ ಮಾಡಿಸಿಟ್ಟು ಕಾಯುತ್ತಿದ್ದರು. ಇವರು ಜಾಲಿ ಗಿಡದ ಕೆಳಗೆ ಕೂತು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ತಮ್ಮದೇ ತಂಬಿಗೆಯ ನೀರು ಕುಡಿದು ಎದ್ದುಬಿಡುತ್ತಿದ್ದರು. ಎದ್ದವರ ಬಾಯಲ್ಲಿ ಒಂದೇ ಮಾತು, "ಬಿಚ್ಚ್ರಿ." ಪೆಟ್ಟಿಗೆ ಬಿಚ್ಚಿಸುವುದು, ಮುಚ್ಚಳ ಬಿಚ್ಚಿಸುವುದು, ಗಾಲಿ ಬಿಚ್ಚಿಸುವುದು. ನಮ್ಮ ಸಾಹೇಬರು ಮದುವೆಗೆ ಹೋದರೆ ಮದುಮಗನ ಬಾಸಿಂಗವನ್ನೂ ಬಿಚ್ಚಿಸಿ ನೋಡುತ್ತಾರೆ ಎಂದು ನಾನೂ ಕಚೇರಿಯ ಗುಮಾಸ್ತರೂ ಬಾಯಿಗೆ ಸೆರಗು, ವಸ್ತ್ರ ಅಡ್ಡ ಹಿಡಿದು ನಗುತ್ತಿದ್ದೆವು. ಎದುರಿಗೆ ನಗುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆ ವರ್ಷ ದಸರೆಯಲ್ಲಿ ಬನ್ನಿ ಮುಡಿದ ಮರುದಿನ ಗುಮಾಸ್ತರು ರಜೆ ಹಾಕಿದ್ದರು. ಬರೆದುಕೊಳ್ಳಲು ನೀನೇ ಬಾ ಎಂದು ಸಾಹೇಬರು ನನ್ನನ್ನೇ ಜೀಪು ಹತ್ತಿಸಿಕೊಂಡರು. ಮಾನ್ವಿ ದಾಟಿ ಕುರ್ಡಿ ದಾರಿಯಲ್ಲಿ ಒಂದು ಕಾಲುವೆ ಕಾಮಗಾರಿ. ಕಾಲುವೆ ಬಾಯಿಗೆ ಕಬ್ಬಿಣದ ಗೇಟು ಇಳಿಸಲು ತಂದ ಕ್ರೇನು ನೋಡಬೇಕಿತ್ತು. ಆಯುಧಗಳ ಖಂಡೇಪೂಜೆಯಲ್ಲಿ ಬಳಿದ ಸುಣ್ಣದ ಪಟ್ಟಿ, ಚೆಂಡುಹೂವಿನ ಮಾಲೆ ಇನ್ನೂ ಅದರ ಮೈಮೇಲಿದ್ದವು. ಸಾಹೇಬರು ಮಾಲೆ ತೆಗೆಸಿದರು, ಹಗ್ಗ ಪೂರ್ತಿ ಬಿಡಿಸಿದರು, ಅರಳೆ ಹಿಡಿದು ಹೊರಟರು. ಎಲ್ಲೂ ಸಿಕ್ಕಲಿಲ್ಲ. ಕೊಕ್ಕೆಯ ಹತ್ತಿರ ಬಂದಾಗ ನಿಂತರು. ಅಲ್ಲಿ ಹಗ್ಗದ ತುದಿಗೆ ಒಂದು ಗೇಣಿನಷ್ಟು ಉದ್ದಕ್ಕೆ ಹಸಿರು ರವಿಕೆ ಖಣ ಸುತ್ತಿತ್ತು, ಮೇಲೆ ಅರಿಶಿನದ ಭಂಡಾರ ಬಳಿದಿತ್ತು.

ಬುಟ್ಟಿ ಹೊತ್ತ ಹೆಂಗಸೊಬ್ಬಳು ಓಡಿಬಂದಳು. ದೇವದುರ್ಗದ ಕಡೆಯಿಂದ ಕೂಲಿಗೆ ಬಂದವಳು. ಅವಳ ಗಂಡ ಅದೇ ಕ್ರೇನಿನ ಕೆಳಗೆ ನಿಂತು, ತೂಗುವ ಭಾರವನ್ನು ಹಗ್ಗ ಹಿಡಿದು ತಿರುಗಿಸಿ ಕೂರಿಸುವವನು.

"ಯಪ್ಪಾ, ನೀರಮಾನ್ವಿ ಯಲ್ಲಮ್ಮಗ ಉಡಿ ತುಂಬಿದ ಖಣ ಅದ. ನನ್ ಗಂಡ ಇದರ ಬುಡಕ ನಿಂದರ್ತಾನ್ರಿ. ಇನ್ನ ನಾಕ ದಿನ, ಶೀಗಿ ಹುಣ್ಣಿವಿ ತನಕ ಬಿಚ್ಚಬ್ಯಾಡ್ರಿ" ಎಂದಳು. ಅಂದವಳೇ ಸೆರಗಿನ ತುದಿ ಬಿಚ್ಚಿ ನಮ್ಮಿಬ್ಬರ ಕೈಗೂ ನಾಲ್ಕು ಎಲೆ ಬನ್ನಿ ಇಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂನ್ರಿ."

ಸಾಹೇಬರ ಬಾಯಿಗೆ ಆ ಮಾತು ಬಂದೇ ಬರುತ್ತದೆ ಎಂದು ನಾನು ಪೆನ್ಸಿಲ್ ಹಿಡಿದು ನಿಂತಿದ್ದೆ. ಬರಲಿಲ್ಲ. ಅವರು ಖಣದ ಅಂಚನ್ನು ಬೆರಳಿಂದ ಮುಟ್ಟಿ, "ನಮ್ಮವ್ವನೂ ಬಿತ್ತೂ ಕೂರಿಗಿಗೆ ಹಿಂಗ ಕಟ್ತಿದ್ಳು" ಎಂದರು, ತಮಗೆ ತಾವೇ ಎಂಬಂತೆ. ಅವರ ತಾಯಿ ಗುಂಜಹಳ್ಳಿಯಲ್ಲಿ ತೀರಿಕೊಂಡು ಆಗ ನಾಲ್ಕು ತಿಂಗಳೂ ಆಗಿರಲಿಲ್ಲ. ಆಮೇಲೆ ಭಾರ ಎತ್ತಿಸಿ ನೋಡಿದರು. ಕ್ರೇನು ಎತ್ತಿತು. ಜೀಪಿನಲ್ಲಿ ಬರುವಾಗ, "ಹುಣ್ಣಿವಿ ಆದಮ್ಯಾಲ ಮತ್ತೊಮ್ಮೆ ಬಂದು ಅದೊಂದು ನೋಡೂಣು" ಎಂದರು. ನಾನು ಅದನ್ನೂ ಬರೆದುಕೊಂಡೆ.

ಸಂಜೆ ಪ್ರಮಾಣಪತ್ರ ಟೈಪು ಮಾಡಿದೆ. ಕಂತ್ರಾಟುದಾರರ ಮನುಷ್ಯ ಬಾಗಿಲಲ್ಲೇ ಕಾಯುತ್ತಿದ್ದ. ಹಗ್ಗವನ್ನು ಪೂರ್ತಿ ಉದ್ದಕ್ಕೂ ನೋಡಲಾಗಿದೆ ಎಂಬ ಸಾಲು ಎಲ್ಲ ಪ್ರಮಾಣಪತ್ರದಲ್ಲೂ ಇರುವಂಥದ್ದೇ. ಆ ಸಾಲಿಗೆ ಬಂದಾಗ ನನ್ನ ಬೆರಳು ನಿಂತದ್ದು ನಿಜ. ಒಂದು ಗೇಣು ತಾನೆ ಅಂದುಕೊಂಡೆ. ಸಾಹೇಬರೂ ಹಾಗೇ ಅಂದುಕೊಂಡಿರಬೇಕು. ಸಹಿ ಹಾಕಿದರು.

ಹುಣ್ಣಿಮೆಗೆ ಇನ್ನೂ ಒಂದು ದಿನವಿತ್ತು. ಗೇಟು ಅರ್ಧ ಮೇಲೇರಿದ್ದಾಗ ಹಗ್ಗ ಹರಿಯಿತು, ಖಣ ಕಟ್ಟಿದ್ದಲ್ಲಿಯೇ. ಕೆಳಗೆ ಅವಳ ಗಂಡನಿದ್ದ. ಅವಳು ಇಪ್ಪತ್ತು ಹೆಜ್ಜೆ ಆಚೆ ಮಣ್ಣು ಹೊರುತ್ತಿದ್ದಳಂತೆ...

ಸುದ್ದಿ ಬಂದ ದಿನ ಸಾಹೇಬರು ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ವಿಚಾರಣೆ ನಡೆಯುವುದೆಂದಾಯಿತು. ಅಷ್ಟರಲ್ಲಿ ಕಂತ್ರಾಟುದಾರರ ಕಡೆಯಿಂದ ಒಂದು ಮಾತು ಹರಿದು ಬಂತು. ಪರೀಕ್ಷೆಯ ದಿನ ಖಣ ಇರಲೇ ಇಲ್ಲ, ಆಮೇಲೆ ಯಾರಿಗೂ ಹೇಳದೆ ಆ ಹೆಂಗಸು ಕಟ್ಟಿದಳು, ಹಗ್ಗ ಹಾಳಾದದ್ದು ಅದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಅವರು ಅದನ್ನೇ ಹೇಳಲಿದ್ದರು. ಸಾಹೇಬರು ಹೂಂ ಎಂದರೆ ಸಾಕು, ಅವರ ನೌಕರಿ ಉಳಿಯುತ್ತಿತ್ತು. ಗಂಡನನ್ನು ಕಳೆದುಕೊಂಡವಳ ತಲೆಗೆ ಅವನ ಸಾವಿನ ಹೊಣೆಯೂ ಬರುತ್ತಿತ್ತು.

ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಮುಂದಿನ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

"ಸಾಹೇಬ್ರ, ನೀವು ಸುಮ್ನಿದ್ದುಬಿಡ್ರಿ. ಅವ್ರೇ ಹೇಳಾಕತ್ತಾರ. ನನ್ನ ನೋಟ್ ಬುಕ್ಕು ಒಲಿಗೆ ಹಾಕ್ತೀನಿ" ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಾಗದ ಹಾಕವ್ವಾ" ಎಂದು ಮೆಷಿನ್ನಿನ ಕಡೆ ಕೈ ತೋರಿಸಿದರು. ಅವರು ಹೇಳಿದ್ದು ನಾಲ್ಕೇ ಸಾಲು. ಪರೀಕ್ಷೆಯ ದಿನ ಖಣ ಇತ್ತು. ನಾನು ನೋಡಿದೆ. ಬಿಚ್ಚಿಸುವುದು ನನ್ನ ಕೆಲಸ, ಬಿಚ್ಚಿಸಲಿಲ್ಲ. ಕಟ್ಟಿದವರದು ತಪ್ಪಿಲ್ಲ. ಟೈಪು ಮಾಡುವಾಗ ನಾನು ಎರಡು ಸಲ ತಪ್ಪಿದೆ, ಕಾಗದ ಬದಲಿಸಿದೆ. ಅವರು ತಾಳ್ಮೆಯಿಂದ ಮತ್ತೆ ಹೇಳಿದರು.

ವಿಚಾರಣೆ ಮಾನ್ವಿಯಲ್ಲಿ ನಡೆಯಿತು. ಆ ಹೆಂಗಸು ಗೋಡೆ ಹಿಡಿದು ಕೂತಿದ್ದಳು, ಹಣೆ ಬರಿದಾಗಿತ್ತು. ನಾಲ್ಕು ಸಾಲು ಓದಿ ಮುಗಿಸಿದಾಗ ಅವಳಿಗೆ ತಿಳಿಯಿತೋ ಇಲ್ಲವೋ, ಸುಮ್ಮನೆ ಸುತ್ತ ನೋಡಿದಳು. ಹೊರಗೆ ಬಂದಾಗ ಸಾಹೇಬರನ್ನು ತಡೆದು ನಿಲ್ಲಿಸಿದಳು.

"ಯಪ್ಪಾ, ಎಲ್ಲಾರೂ ನನ್ ಖಣಾನೇ ಅವನ್ನ ತಿಂತು ಅಂತಾರ. ಖರೇ ಏನ್ರಿ?"

ಸಾಹೇಬರು ಅವಳ ಮುಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಅಧಿಕಾರಿಯೊಬ್ಬರು ಹಾಗೆ ಕೂತದ್ದನ್ನು ನಾನು ಆಮೇಲೆ ಎಂದೂ ನೋಡಿಲ್ಲ.

"ಇಲ್ಲವ್ವ. ಬಟ್ಟಿ ಹಗ್ಗ ಹರಿಯೂದಿಲ್ಲ. ಹಗ್ಗ ಮೊದಲೇ ಹರಿದಿತ್ತು. ನಾ ನೋಡ್ಲಿಲ್ಲ."

ಅವಳು ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲೇ ಇಲ್ಲವೆಂದು ಅವಳ ಜೊತೆಗಿದ್ದವರು ಹೇಳಿದರು.

ಸಾಹೇಬರನ್ನು ಕೆಲಸದಿಂದ ತೆಗೆದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿತ್ತು ಎಂದು ಕಚೇರಿಯಲ್ಲಿ ಆಡಿಕೊಂಡರು, ಕೋಳಿ ಊಟ ಬಡಿಸಲಾಗದೆ ಸೋತವರು ಇನ್ನೂ ಜೋರಾಗಿ ಆಡಿಕೊಂಡರು. ಅವರು ಗುಂಜಹಳ್ಳಿಗೆ ಹೋಗಿ ಹೊಲ ನೋಡಿಕೊಂಡು ಉಳಿದರು. ಹೋಗುವಾಗ ಡಬ್ಬಿ ನನ್ನ ಮೇಜಿನ ಮೇಲೆ ಬಿಟ್ಟು ಹೋದರು, ಮರೆತರೋ ಕೊಟ್ಟರೋ ತಿಳಿಯಲಿಲ್ಲ. ಪ್ರತಿ ದಸರೆಗೂ ಹೋಗಿ ಬನ್ನಿ ಕೊಟ್ಟು ಬರಬೇಕು ಅಂದುಕೊಳ್ಳುತ್ತಿದ್ದೆ. ರಾಯಚೂರಿನಿಂದ ಎಷ್ಟು ದೂರ ಅದು? ಆದರೆ ನೋಟ್ ಬುಕ್ಕು ಒಲೆಗೆ ಹಾಕುತ್ತೇನೆ ಅಂದ ಬಾಯಿ ಹೊತ್ತು ಅವರೆದುರು ಹೇಗೆ ನಿಲ್ಲುವುದು... ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ನನಗೆ ತಿಳಿದದ್ದು ಹದಿನೈದು ದಿನ ಕಳೆದ ಮೇಲೆ.

ಗಾದಿಯವನು ಹೋದ ನಂತರ ಹುರಿತಂತಿಯ ಇನ್ನೊಂದು ತುದಿಗೆ ಹೋದೆ. ಸೀರೆಗೆ ತುಕ್ಕು ಹತ್ತಬಾರದೆಂದು ಸೊಸೆ ಅಲ್ಲೊಂದು ಹಳೆಯ ಬಟ್ಟೆ ಸುತ್ತಿ ಕಟ್ಟಿದ್ದಳು. ಗಂಟು ಬಿಗಿಯಾಗಿತ್ತು, ಉಗುರು ನೊಂದಿತು. "ಇದ್ಯಾಕ ಬಿಚ್ಚಾಕತ್ತೀರಿ ಅತ್ತಿ?" ಎಂದು ಅವಳು ಒಳಗಿಂದ ಕೂಗಿದಳು. ಬಿಚ್ಚಿ, ಅರಳೆಯಿಂದ ಸವರಿ ನೋಡಿದೆ. ಹತ್ತಿ ಎಲ್ಲೂ ಸಿಕ್ಕಲಿಲ್ಲ, ಅಲ್ಲಿ ತಂತಿ ಗಟ್ಟಿಯಾಗಿಯೇ ಇತ್ತು. ಎಲ್ಲ ಸೇರಿ ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಎರಡೇ ನಿಮಿಷ ಸಾಹೇಬರೇ, ಎನ್ನುತ್ತಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.