ತೂಕಡಿಸುವ ಕುದುರೆಯ ಹಿಂಗಾಲು

ಪಶು ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕಾಂಪೌಂಡರಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಲ್ಲಿ ಅವಳು ಎಷ್ಟು ಪ್ರಾಣಿಗಳನ್ನು ಮಂಪರಿನ ಸೂಜಿ ತುಂಬಿಕೊಟ್ಟು ಮಲಗಿಸಿದ್ದಳೋ, ಅವಳಿಗೇ ನೆನಪಿಲ್ಲ. "ನಮ್ಮೆಜಮಾನ್ರಿಗೆ ಮಾತ್ರ ಸೂಜಿ ಬೇಕಾಗಿಲ್ಲ, ಬಸ್ಸಿಳಿದು ಬಂದು ಗೋಡೆಗೊರಗಿದ್ರೆ ಸಾಕು" ಎಂದು ಡ್ರೈವರ್ ಗಂಡನ ಕಾಲೆಳೆಯುತ್ತಿದ್ದಳು.

ಕೆಲಸಕ್ಕೆ ಸೇರಿದ ಮೊದಲ ವಾರ ಹಸುವೊಂದಕ್ಕೆ ಮಂಪರಿನ ಮದ್ದು ತುಂಬಲು ಹೇಳಿದಾಗ, ಹಿಂದಿನ ದಿನ ಕುದುರೆಗೆ ತುಂಬಿದಷ್ಟನ್ನೇ ತುಂಬಿದ್ದಳು. ಆಗಿನ ಹಿರಿಯ ಡಾಕ್ಟರು ಸಿರಿಂಜನ್ನು ಬೆಳಕಿಗೆ ಹಿಡಿದು, "ಹಸುವಿಗೆ ಇದರಲ್ಲಿ ಹತ್ತನೇ ಒಂದು ಪಾಲು ಸಾಕಮ್ಮ. ಇಷ್ಟು ಕೊಟ್ರೆ ಅದು ಏಳೋದೇ ಇಲ್ಲ" ಎಂದಿದ್ದರು. ಬೈಯಲಿಲ್ಲ. ಅವಳೇ ಅಂದು ಊಟ ಮಾಡಲಿಲ್ಲ. ಆಮೇಲೆ ಒಂದೊಂದು ಪ್ರಾಣಿಯ ಸ್ವಭಾವವನ್ನೂ ಹಟ ಹಿಡಿದು ಕಲಿತಳು. ಅದೇ ಮದ್ದಿಗೆ ಬೆಕ್ಕು ವಾಂತಿ ಮಾಡಿಕೊಳ್ಳುತ್ತದೆ, ಕುದುರೆ ನಿಂತಲ್ಲೇ ತೂಗುತ್ತದೆ.

ಹೊಸ ಡಾಕ್ಟರು ಬಂದು ತಿಂಗಳಾಗಿತ್ತಷ್ಟೆ. ಒಂದು ಬೆಳಿಗ್ಗೆ ಗಾಡಿಯವನು ತನ್ನ ಕಂದು ಕುದುರೆಯನ್ನು ಎಳೆದು ತಂದ. ತಂತಿಗೆ ಸಿಕ್ಕಿ ಅದರ ಹಿಂಗಾಲು ಸೀಳಿತ್ತು. ಕಿವಿ ನಿಮಿರಿಸಿ, ಮೈಯೆಲ್ಲ ಬೆವರಿ, ಅದು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಡಾಕ್ಟರು ಸೂಜಿ ಚುಚ್ಚಿ ಹತ್ತು ನಿಮಿಷವಾದರೂ ಕುದುರೆಗೆ ಮಂಪರು ಹತ್ತಲಿಲ್ಲ.

"ಇನ್ನೊಂದು ಡೋಸ್ ತುಂಬಿ ಅಕ್ಕ."

"ಬೇಡ ಸಾರ್. ಹೆದರಿದ ಪ್ರಾಣಿಗೆ ಮದ್ದು ಹತ್ತೋದಿಲ್ಲ. ಮೊದಲು ಅದರ ಭಯ ಇಳೀಲಿ."

ಡಾಕ್ಟರ ಮುಖ ಕೆಂಪಾಯಿತು, ಆದರೂ ಸಿರಿಂಜು ಕೆಳಗಿಟ್ಟರು. ಅವಳು, ಚಿಕಿತ್ಸೆಗೆಂದು ತಂದು ಅಲ್ಲೇ ಕಟ್ಟಿದ್ದ ನಾಯಿಗಳನ್ನು ಹಿತ್ತಲಿಗೆ ಕಳಿಸಿದಳು, ಬಾಗಿಲು ಎಳೆದುಕೊಂಡಳು, ಕುದುರೆಯ ಕಣ್ಣಿಗೆ ಟವೆಲ್ಲು ಹೊದಿಸಿದಳು. ಗಾಡಿಯವನಿಗೆ, "ನೀನೂ ಮಾತಾಡಬೇಡಪ್ಪ, ಕುತ್ತಿಗೆ ಸವರ್ತಾ ಇರು" ಎಂದಳು. ನೋಡನೋಡುತ್ತಿದ್ದಂತೆ ಕುದುರೆಯ ತಲೆ ಮೊಣಕಾಲಿನವರೆಗೆ ಇಳಿಯಿತು, ಕೆಳತುಟಿ ಜೋತುಬಿತ್ತು.

ಡಾಕ್ಟರು ಖುಷಿಯಿಂದ ಹಿಂಗಾಲಿನ ಹಿಂದೆ ಬಗ್ಗಿದರು. ಅವಳು ಅವರ ಕೋಟು ಹಿಡಿದು ಪಕ್ಕಕ್ಕೆಳೆದಳು. ಅಷ್ಟರಲ್ಲಿ ಗೊರಸು ಬೀಸಿ ಬಂತು. ಅವರ ಹಿಂದಿದ್ದ ನೀರಿನ ಬಕೆಟ್ಟು ಗೋಡೆಗೆ ಬಡಿದು ಅಪ್ಪಚ್ಚಿಯಾಯಿತು. ಕುದುರೆ ಮಾತ್ರ ಮತ್ತೆ ಏನೂ ಆಗದಂತೆ ತೂಕಡಿಸುತ್ತಿತ್ತು.

"ತಲೆಗೆ ಮಂಪರು ಸಾರ್, ಕಾಲಿಗಲ್ಲ. ಮುಟ್ಟಿದ್ರೆ ಗುರಿಯಿಟ್ಟು ಒದೆಯುತ್ತೆ. ಮೈಗೆ ಮೈ ತಾಗಿಸಿಕೊಂಡು ಪಕ್ಕದಲ್ಲಿ ನಿಲ್ಲಿ, ಮೊದಲು ಗಾಯಕ್ಕೆ ಮರಗಟ್ಟೋ ಮದ್ದು ಕೊಡಿ."

ಡಾಕ್ಟರು ಹಾಗೇ ಮಾಡಿದರು. ಅವಳು ಬಾಲ ಹಿಡಿದು ನಿಂತಳು. ಹದಿನಾಲ್ಕು ಹೊಲಿಗೆ ಬಿದ್ದವು, ಕುದುರೆ ಮಿಸುಕಲಿಲ್ಲ.

ಮುಗಿದ ಕೂಡಲೇ ಗಾಡಿಯವನು ಹುಲ್ಲಿನ ಕಟ್ಟು ಬಿಚ್ಚಿದ. ಅವಳು ಅದನ್ನು ಕಿತ್ತುಕೊಂಡು, "ಪೂರ್ತಿ ಎಚ್ಚರ ಆಗಲಿ. ಈಗ ತಿಂದ್ರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಕುದುರೆ ತಲೆಯೆತ್ತಿ, ಒಮ್ಮೆ ಮೈ ಕೊಡವಿಕೊಂಡು, ಅವಳ ಕೈಯಲ್ಲಿದ್ದ ಹುಲ್ಲಿಗೇ ಬಾಯಿ ಹಾಕಿತು. ಡಾಕ್ಟರು ಅಪ್ಪಚ್ಚಿಯಾದ ಬಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಅಕ್ಕ, ನಾಳೆ ಇನ್ನೊಂದು ಕುದುರೆ ಬರುತ್ತೆ. ಸೂಜಿ ಯಾವಾಗ ಹಾಕಬೇಕು ಅಂತ ನೀವೇ ಹೇಳಿಬಿಡಿ."

"ಆಯ್ತು ಸಾರ್" ಎಂದು ಅವಳು ಕೈ ತೊಳೆಯಲು ಹೋದಳು.