ಬಿಸಿಯೂಟದ ಫೋಟೋಗಳು

ದೇವಲಾಪುರದ ಹತ್ತಿರದ ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಹೆಂಗಸು ತೀರಿಕೊಂಡ ಏಳನೇ ದಿನ ಅವಳ ಗಂಡ ನನ್ನನ್ನು ಹುಡುಕಿಕೊಂಡು ಬಂದ. ಹನ್ನೊಂದನೇ ದಿನದ ತಿಥಿಗೆ ಇಡಲು ಫೋಟೋ ಬೇಕಿತ್ತು. ಆಧಾರ್ ಕಾರ್ಡಿನದನ್ನು ನಾಗಮಂಗಲದ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದರೆ ಗುರುತೇ ಸಿಗದಷ್ಟು ಮಸುಕಾಗಿತ್ತಂತೆ.

"ಇಸ್ಕೂಲ್ ಕ್ಯಾಮ್ರಾದಲ್ಲಿ ಒಂದ್ ಫೋಟ ತೆಗ್ದಿದ್ರಂತಲ್ಲ ಮೇಷ್ಟ್ರೇ? ಒಸ ಸೀರೆ ಉಟ್ಕಂಡಿದ್ದೆ ಅಂತ ಯೋಳ್ತಾನೇ ಇದ್ಲು."

ನನಗೂ ನೆನಪಿತ್ತು. ಆಗ ಊಟದ ಫೋಟೋ ತೆಗೆದು ಇಲಾಖೆಯ ಕಚೇರಿಗೆ ಕಳಿಸುವ ಕೆಲಸ ನನ್ನ ತಲೆಗೇ ಕಟ್ಟಿದ್ದರು. ಒಂದು ದಿನ ಅವಳು ಸೌಟು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ನಂದೂ ಒಂದ್ ತೆಗೀರಿ ಸಾ" ಅಂದಿದ್ದಳು. ತೆಗೆದಿದ್ದೆ.

ಬೀರುವಿನಲ್ಲಿ ಬಿದ್ದಿದ್ದ ಕ್ಯಾಮೆರಾಕ್ಕೆ ಚಾರ್ಜು ಹಾಕಿದೆ. ಅದರ ಪರದೆ ಕೆಟ್ಟು ವರ್ಷಗಳಾಗಿವೆ. ಏನು ನೋಡಬೇಕಿದ್ದರೂ ಯುಎಸ್‌ಬಿ ವೈರು ಚುಚ್ಚಿ ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲೇ ನೋಡಬೇಕು. ಕ್ಯಾಮೆರಾ ಬೇರೆಡೆ ಬಳಕೆಯಲ್ಲಿದೆ ಎಂದು ಅದು ತಕರಾರು ತೆಗೆಯಿತು. ಬೇರೆಡೆ ಎಲ್ಲಿ, ತಾನೇ ಇನ್ನೊಂದು ಕಿಟಕಿ ತೆರೆದು ಹಿಡಿದುಕೊಂಡಿತ್ತು ದರಿದ್ರದ್ದು. ಅದನ್ನು ಮುಚ್ಚಿ, ವೈರು ಕಿತ್ತು ಮತ್ತೆ ಚುಚ್ಚಿದೆ. ಚಿತ್ರಗಳು ಒಂದೊಂದಾಗಿ ಬಂದವು.

ತಟ್ಟೆಗಳು, ಸಾಲಾಗಿ ಕೂತ ಮಕ್ಕಳು, ಅನ್ನ, ಸೌಟು ಹಿಡಿದ ಒಂದು ಕೈ. ಅಷ್ಟೂ ಚಿತ್ರಗಳಲ್ಲಿ ಅವಳು ಮೊಣಕೈವರೆಗೆ ಮಾತ್ರ ಇದ್ದಳು.

"ಅವ್ಳುದೇ ಕೈ," ಅಂದ ಗಂಡ. ಮುಂದಿನ ಚಿತ್ರಕ್ಕೂ ಹಾಗೇ ಅಂದ.

ಕ್ಯಾಮೆರಾ ಪ್ರತಿ ಚಿತ್ರಕ್ಕೂ ಒಂದು ನಂಬರು ಕೊಡುತ್ತದೆ. ಅವತ್ತಿನ ಸಾಲಿನಲ್ಲಿ ನಾನೂರ ಹನ್ನೆರಡು ಆದಮೇಲೆ ನಾನೂರ ಹದಿನಾಲ್ಕು ಬಂತು. ನಡುವಿನದು ಇರಲಿಲ್ಲ. ಮಕ್ಕಳಿಲ್ಲದ ಫೋಟೋ ಕಚೇರಿಗೆ ಯಾಕೆ ಎಂದು ನಾನೇ, ಇದೇ ಕುರ್ಚಿಯಲ್ಲಿ ಕೂತು, ಅಳಿಸಿದ್ದೆ. ಆಮೇಲೆ "ನನ್ ಫೋಟ ಏನಾಯ್ತು ಸಾ" ಎಂದು ಅವಳು ಕೇಳಿದಾಗಲೆಲ್ಲ, ಪ್ರಿಂಟು ಹಾಕಿಸಿಕೊಡ್ತೀನಿ ಅನ್ನುತ್ತಿದ್ದೆ.

"ಈ ಲಿನಕ್ಸಲ್ಲಿ ಕೆಲವು ಚಿತ್ರ ಕಾಣಿಸಲ್ಲ," ಎಂದೆ. ಎಲುಬಿಲ್ಲದ ನಾಲಿಗೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವನು ನಂಬಿದ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

"ಇನ್ನೊಂದ್ಸಲ ಚುಚ್ಚಿ ನೋಡ್ಬುಡಿ ಮೇಷ್ಟ್ರೇ. ತಿಥಿಗಿನ್ನೂ ನಾಕ್ ದಿನ ಐತೆ."

ನಾನು ವೈರು ಕಿತ್ತು ಮತ್ತೆ ಚುಚ್ಚಿದೆ.